ಮಾವ ಹತ್ತದ ಸೈಕಲ್ಲು

ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯ ಮೂಲೆಯಲ್ಲಿ ಹೊಸದಾಗಿ ಒಂದು ಸೈಕಲ್ ರಿಪೇರಿ ಅಂಗಡಿ ಬಂದಿದೆ. ಮೊನ್ನೆ ಬೆಳಿಗ್ಗೆ ಕಾಯಿಪಲ್ಯದ ಚೀಲ ಹಿಡಿದು ಅದರ ಮುಂದೆ ಹಾಯುವಾಗ, ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮತ್ತು ಹರಳೆಣ್ಣೆಯ ವಾಸನೆ ಒಟ್ಟಿಗೇ ಮೂಗಿಗೆ ಬಡಿದವು. ಹರಳೆಣ್ಣೆ ಎಂದರೆ ನಿಮಗೆ ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದ್ದು ನೆನಪಾಗಬಹುದು. ನನಗೆ ನೆನಪಾಗುವುದು ನನ್ನ ಸೋದರಮಾವ ವೆಂಕೋಬರಾಯರು. ಜೊತೆಗೆ ಅವರು ಮಾಡಿದ, ಅಲ್ಲ, ಮಾಡಿದರೆಂದು ಮದರಾಸಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಸೈಕಲ್ ಪ್ರವಾಸ.

ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನೂ ನಾಲ್ಕೈದು ವರ್ಷ ಬಾಕಿ ಇದ್ದ ಕಾಲ ಅದು. ಮಾವ ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ನಾನು ಅದೇ ಕಚೇರಿಯಲ್ಲಿ, ಅವರದೇ ಶಿಫಾರಸಿನಿಂದ, ಕಾಗದ ನಕಲು ಮಾಡುವವನು. ಇಷ್ಟು ಸಾಲದೆಂದು ಅವರ ಮಗಳು ರುಕ್ಮಿಣಿಯನ್ನು ನನಗೆಂದು ಗೊತ್ತುಮಾಡಿ ಇಟ್ಟಿದ್ದರು. ಹೀಗೆ ನನ್ನ ಅನ್ನ, ನನ್ನ ಮದುವೆ ಎರಡೂ ಒಬ್ಬರದೇ ಕೈಯಲ್ಲಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದಕ್ಕೆ ಇದು ಕಾರಣ. ಕ್ಷಮೆಗೆ ಕಾರಣವಲ್ಲ.

ನಮ್ಮ ಕಚೇರಿಯ ಇಂಗ್ಲಿಷ್ ದೊರೆಗೆ ಸೈಕಲ್ಲಿನ ಹುಚ್ಚು. ಆತ ರಜೆಯಲ್ಲಿ ತನ್ನ ಸೀಮೆಗೆ, ಇಂಗ್ಲೆಂಡಿಗೆ, ಹೋದಾಗ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ತಿಂಗಳುಗಟ್ಟಲೆ ಸೈಕಲ್ ಹೊಡೆದು ಬಂದಿದ್ದ. ಪರೀಕ್ಷೆಗೆಂದು ಕಲಿತ ಕನ್ನಡದಲ್ಲಿ ಅದನ್ನು ವರ್ಣಿಸುತ್ತಿದ್ದ. "ಅಲ್ಲಿ ಮಾರ್ಗದಲ್ಲಿ ಶಕಟಗಳಿಲ್ಲ, ರಾಯರೇ. ಇಬ್ಬದಿಗಳಲ್ಲಿ ವೃಕ್ಷಗಳು. ಪ್ರಾಚೀನವಾದ ಕೋಟೆಗಳು. ಫ್ರಾನ್ಸಿನ ಗುಮಾಸ್ತನು ಸಹ ರವಿವಾರ ಸಂಚರಿಸುತ್ತಾನೆ." ಮಾವ ಕೈಕಟ್ಟಿ ನಿಂತು, ಫ್ರಾನ್ಸಿನ ಗುಮಾಸ್ತರೆಲ್ಲ ತಮ್ಮ ದಾಯಾದಿಗಳೋ ಎಂಬಂತೆ ತಲೆಯಾಡಿಸುತ್ತಿದ್ದರು. ತಲೆಯಾಡಿಸಿದ್ದು ಹೆಚ್ಚಾಯಿತೆಂದು ಕಾಣುತ್ತದೆ. ಹೊಸ ಸೈಕಲ್ ಬಂದ ದಿನ ದೊರೆ ಹಳೆಯದನ್ನು ಮಾವನಿಗೆ ಬಹುಮಾನವಾಗಿ ಕೊಟ್ಟ. ಅದರ ಮೇಲೆ ಕುರುಗೋಡು, ಸಿರುಗುಪ್ಪಗಳ ಹಳೆಯ ಗುಡಿಗಳನ್ನು ನೋಡಿ ಬಂದು ಒಂದು ಲೇಖನ ಬರೆಯಬೇಕೆಂದು ಅಪ್ಪಣೆಯನ್ನೂ ಕೊಟ್ಟ.

ಸೈಕಲ್ ಮನೆಗೆ ಬಂದ ದಿನ ಮಾವನ ತಾಯಿ, ನಮ್ಮಜ್ಜಿ, ಬಾಗಿಲಿಗೆ ಅಡ್ಡ ನಿಂತರು. ಸೀಟು ಚರ್ಮದ್ದು. ಯಾವ ಪ್ರಾಣಿಯ ಚರ್ಮವೋ, ಕೇಳಲೂ ಭಯ. ಅದನ್ನು ಮುಟ್ಟಿದವರು ಸ್ನಾನ ಮಾಡಿಯೇ ಒಳಗೆ ಬರಬೇಕು. ಮಾವ ಒಂದು ದಿನ ಯೋಚಿಸಿ, ದೇವರ ಮನೆಯ ಕೃಷ್ಣಾಜಿನ ತಂದು ಸೀಟಿನ ಮೇಲೆ ಹೊದಿಸಿದರು. ಜಿಂಕೆಯ ಚರ್ಮ ಮಡಿ, ಅದರ ಕೆಳಗಿನ ಚರ್ಮ ಮೈಲಿಗೆ. ಅಜ್ಜಿ ಒಪ್ಪಿದರು. ಶಾಸ್ತ್ರದಲ್ಲಿ ದಾರಿ ಇಲ್ಲದ ಊರೇ ಇಲ್ಲ. ಹುಡುಕುವವನು ಹೆಡ್ ಗುಮಾಸ್ತನಾಗಿರಬೇಕು, ಅಷ್ಟೆ.

ಸೈಕಲ್ಲಿನ ಜೊತೆಗೆ ನಮ್ಮ ಬದುಕಿಗೆ ಬಂದವನು ಹುಸೇನ್ ಸಾಬ. ಗಾಡಿಯ ಗಾಲಿ ಕಟ್ಟುವ ಕಸಬಿನವನು, ನನಗಿಂತ ಐದಾರು ವರ್ಷ ದೊಡ್ಡವನು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇದ್ದ ದೊರೆಗಳ ಸೈಕಲ್ಲುಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದ. ಮಾಡಿದ್ದು ಸರಿಯಾಯಿತೋ ಎಂದು ನೋಡಲು ಒಂದು ಸುತ್ತು ಹೊಡೆದು ಹೊಡೆದು, ದೊರೆಗಳಿಗಿಂತ ಚೆನ್ನಾಗಿ ಸವಾರಿ ಕಲಿತಿದ್ದ. ಮಾವನಿಗೆ ಕಲಿಸಲು ಅವನನ್ನೇ ಕರೆದೆವು. ಹತ್ತು ದಿನ ಕಲಿಸಿದ. ಹನ್ನೊಂದನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, "ರಾಯರಿಗೆ ಬುದ್ಧಿ ಭಾಳ ಐತಿ. ಆದ್ರ ಸೈಕಲ್ಲಿಗೆ ಬುದ್ಧಿ ಬ್ಯಾಡ, ಧೈರ್ಯ ಬೇಕು" ಎಂದ.

ಆದರೂ ಹೊರಟೆವು. ಮಾವ ಸೋಮವಾರವನ್ನೇ ಆರಿಸಿದರು. ಅವತ್ತು ರೈತರು ಬಸವಣ್ಣನಿಗೆಂದು ಎತ್ತು ಹೂಡುವುದಿಲ್ಲ, ದಾರಿಯಲ್ಲಿ ಗಾಡಿಗಳಿರುವುದಿಲ್ಲ, ಫ್ರಾನ್ಸಿನಂತೆಯೇ ಇರುತ್ತದೆ ಎಂದು ಅವರ ಲೆಕ್ಕ. ಬಿದ್ದರೆ ನೋಡುವವರು ಇರುವುದಿಲ್ಲ ಎಂಬುದು ಹೇಳದ ಲೆಕ್ಕ. ಸಾಮಾನಿಗೆ, ಹಾಸಿಗೆಗೆ ಒಂದು ಗಾಡಿ ಬೇಕಲ್ಲ? ಸೋಮವಾರದ ನಿಯಮ ಎತ್ತಿಗೆ, ಕೋಣಕ್ಕಲ್ಲ. ಆದ್ದರಿಂದ ಕೋಣದ ಗಾಡಿ. ಅದನ್ನು ಹೊಡೆಯಲು ಹುಸೇನ್ ಸಾಬ. ಅವನ ಪಕ್ಕದಲ್ಲಿ ನಾನು.

ಊರು ದಾಟುವವರೆಗೆ ಮಾವ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದರು. "ಯಂತ್ರ ಸ್ವಲ್ಪ ಬೆಚ್ಚಗಾಗಲಿ" ಎಂದರು. ಕೊಳಗಲ್ಲು ಹತ್ತಿರ ಬಂದಾಗ ದಾರಿ ಸಮವಾಗಿತ್ತು, ಬಿಸಿಲು ಏರಿರಲಿಲ್ಲ, ನೆಪಗಳೆಲ್ಲ ಮುಗಿದಿದ್ದವು. ಹತ್ತಿದರು. ಹುಸೇನ್ ಹಿಂದಿನಿಂದ ಹಿಡಿದುಕೊಂಡು ಓಡಿದ, ಬಿಟ್ಟ. ಮಾವ ನೆಟ್ಟಗೆ ಹತ್ತು ಮಾರು ಹೋದರು. ಆಮೇಲೆ ದಾರಿ ತಿರುಗಿತು, ಅವರು ತಿರುಗಲಿಲ್ಲ. ಹೊಲದಂಚಿನ ತಿಪ್ಪೆಯಲ್ಲಿ ಅವರ ರುಮಾಲು ಮೊದಲು ಸಿಕ್ಕಿತು, ಆಮೇಲೆ ಅವರು.

ಸೊಂಟ ಹಿಡಿದುಕೊಂಡು ಗಾಡಿ ಹತ್ತಿ, ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, "ಸೈಕಲ್ಲನ್ನ ಗಾಡಿಗೆ ಕಟ್ಟು" ಎಂದರು. ಕಟ್ಟಲು ಜಾಗವಿರಲಿಲ್ಲ, ಅಷ್ಟೂ ಜಾಗದಲ್ಲಿ ಅವರಿದ್ದರು. ಹುಸೇನ್ ಹಗ್ಗದ ಹುರಿ ಹಿಡಿದುಕೊಂಡು ನಿಂತಿದ್ದ. "ರಾಯರ, ಅಪ್ಪಣಿ ಆದ್ರ ನಾ ಹೊಡಕೊಂಡು ಬರತೀನಿ" ಎಂದ. ಹಾಗೆ ಕೋಣಗಳ ಹಗ್ಗ ನನ್ನ ಕೈಗೆ ಬಂತು. ನನಗೆ ಕೋಣ ಹೊಡೆಯಲು ಬರುತ್ತಿರಲಿಲ್ಲ. ಕೋಣಗಳಿಗೆ ಅದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಮನ ವಾಹನದ ಹಿಂದೆ ಹೆಡ್ ಗುಮಾಸ್ತರು ನರಳುತ್ತ ಮಲಗಿರುವ ಗಾಡಿಯನ್ನು ನಾನು ಕುರುಗೋಡಿನ ಕಡೆಗೆ ಬೇಡಿಕೊಂಡು ಸಾಗಿಸಿದೆ.

ಹುಸೇನ್ ಮುಂದೆ ಹೋಗಿಬಿಡುತ್ತಿದ್ದ. ಎರೆಹೊಲಗಳ ನಡುವಿನ ಆ ಖಾಲಿ ದಾರಿಯಲ್ಲಿ ಅವನು ಚಿಕ್ಕದಾಗುತ್ತ ಹೋಗಿ ಒಂದು ಚುಕ್ಕೆಯಾಗುವುದು, ಮತ್ತೆ ಆ ಚುಕ್ಕೆ ದೊಡ್ಡದಾಗುತ್ತ ಬಂದು ಹುಸೇನನಾಗುವುದು. "ಮುಂದ ಹುಣಸಿಗಿಡದ ನೆಳ್ಳು ಐತ್ರಿ, ಅಲ್ಲಿ ಕೂಡ್ರೂಣು" ಎಂದು ಹೇಳಿ ಮತ್ತೆ ಹೊರಟುಬಿಡುವನು. ಜಾಲಿಮುಳ್ಳು ಎರಡು ಸಲ ಗಾಲಿಗೆ ಚುಚ್ಚಿತು. ಎರಡು ಸಲವೂ ಕೂತು ತೇಪೆ ಹಾಕಿ, ತಿರುಪು ಬಿಗಿದು, ಹರಳೆಣ್ಣೆ ಬಿಟ್ಟು ಎದ್ದ. ಅವನ ಮುಖದ ಮೇಲೆ ಅವತ್ತು ಇದ್ದುದನ್ನು ನಾನು ಬೇರೆ ಯಾವ ಮನುಷ್ಯನ ಮುಖದ ಮೇಲೂ ಕೆಲಸದ ದಿನ ಕಂಡಿಲ್ಲ.

ಕುರುಗೋಡು ಕಂಡ ಕೂಡಲೇ ಮಾವ ಎದ್ದು ಕೂತರು, ರುಮಾಲು ಸರಿಮಾಡಿಕೊಂಡರು, ಸೈಕಲ್ ಇಸಿದುಕೊಂಡರು. ಈಗಷ್ಟೇ ಇಳಿದವರಂತೆ ಅದನ್ನು ಪಕ್ಕದಲ್ಲಿ ನಡೆಸುತ್ತ ಊರೊಳಗೆ ಹೋದರು. ಊರೆಲ್ಲ ಹಿಂದೆ ಬಂತು. ದೊಡ್ಡ ಬಸವಣ್ಣನ ಗುಡಿಯಲ್ಲಿ ಮಾವ ಕೊಡೆಯಿಂದ ಬಸವಣ್ಣನ ಉದ್ದಗಲ ಅಳೆದು, ನನ್ನಿಂದ ಬರೆಸಿದರು. ಹೊರಗೆ ಬಂದಾಗ ಒಬ್ಬ ಮುದುಕಿ ಸೈಕಲ್ಲನ್ನು ಮುಟ್ಟಿ ನೋಡಿ, "ಯಪ್ಪಾ, ಒಂದೀಟು ಹತ್ತಿ ತೋರಸ್ರಿ" ಎಂದಳು. ಊರೇ ಮುಂದಕ್ಕೆ ಒತ್ತಿ ಬಂತು. ಮಾವ ಕಣ್ಣುಮುಚ್ಚಿ ಬಸವಣ್ಣನಿಗೆ ಕೈಮುಗಿದು ಹೇಳಿದರು: "ಸ್ವಾಮಿಯ ವಾಹನದ ಮುಂದ ನಾವು ವಾಹನ ಏರೋದು ಅಪಚಾರ, ತಾಯಿ." ಜನರೂ ಕೈಮುಗಿದರು. ಹುಸೇನ್ ಗಾಡಿಯ ಹಿಂದೆ ಹೋಗಿ, ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ನಿಂತ.

ಮರುದಿನ ಸಿರುಗುಪ್ಪವೂ ಹೀಗೆಯೇ ಆಯಿತು. ಮಾವ ಹೊಳೆದಂಡೆಯ ಗುಡಿಯನ್ನು ಕೊಡೆಯಿಂದ ಅಳೆದರು. ಹುಸೇನ್ ಹಳೆಯ ಕಾಲುವೆಯ ಏರಿಯ ಮೇಲೆ, ಎರಡೂ ಕಡೆ ಹಸಿರು ಭತ್ತದ ನಡುವೆ, ಸೈಕಲ್ ಹೊಡೆದ. ನಾನು ಕೋಣಗಳಿಗೆ ನೀರು ಕುಡಿಸಿದೆ.

ಲೇಖನ ಬಂತು. ಅದನ್ನು ನಕಲು ಮಾಡಿದವನು ನಾನೇ, ಆದ್ದರಿಂದ ಅದರ ಒಂದೊಂದು ಸುಳ್ಳೂ ನನ್ನ ಅಕ್ಷರದಲ್ಲಿತ್ತು. ಅದರಲ್ಲಿ ಮಾವ ಎದುರುಗಾಳಿಯನ್ನು ಗೆದ್ದಿದ್ದರು, ಖಾಲಿ ದಾರಿಯಲ್ಲಿ ಹಕ್ಕಿಯಂತೆ ಹಾರಿದ್ದರು. ಹುಸೇನನ ಹೆಸರಿರಲಿಲ್ಲ. 'ಯಂತ್ರವನ್ನು ಕಂಡರೆ ನಡುಗುವ ಅಜ್ಞಾನಿ ಆಳೊಬ್ಬ ಗಾಡಿಯಲ್ಲಿ ಹಿಂಬಾಲಿಸಿದ' ಎಂದಿತ್ತು. ನಾನಂತೂ ಅದರಲ್ಲಿ ಇರಲೇ ಇಲ್ಲ. ಅದಕ್ಕಾಗಿ ಇವತ್ತಿಗೂ ಮಾವನಿಗೆ ಕೃತಜ್ಞ.

ಲೇಖನ ಓದಿ ದೊರೆ ಕುಣಿದಾಡಿದ. ಬರುವ ರವಿವಾರ ಬೆಳಿಗ್ಗೆ ಸಂಗನಕಲ್ಲು ಗುಡ್ಡದ ಬಂಡೆಚಿತ್ರಗಳನ್ನು ನೋಡಲು ಇಬ್ಬರೂ ಸೈಕಲ್ ಮೇಲೆ ಹೋಗೋಣ ಎಂದ.

ಮಾವ ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ನನ್ನನ್ನು ಕರೆದುಕೊಂಡು ಹುಸೇನನ ಅಂಗಡಿಗೆ ಹೋದರು. "ಏನಾದರೂ ಮುರಿದು ಕೊಡಪಾ, ದೊರಿ ಮುಂದ ಕೆಟ್ಟು ನಿಲ್ಲಲಿ" ಎಂದರು.

ಹುಸೇನ್ ಗಾಲಿಗೆ ಹಾಕುವ ಅರೆಕಾಲಿನ ಕಡ್ಡಿ ಕೆತ್ತುತ್ತಿದ್ದವನು ಬಾಚಿ ಕೆಳಗಿಟ್ಟ. "ಬ್ಯಾರೆ ಏನರ ಹೇಳ್ರಿ, ರಾಯರ. ಕೂಡಸೋದು ನನ್ನ ಕಸಬು. ಮುರಿಯೋ ಕೆಲಸಕ್ಕ ನನ್ನ ಕರೀಬ್ಯಾಡ್ರಿ."

ಮನೆಗೆ ಬರುವ ದಾರಿಯಲ್ಲಿ ಮಾವ ಒಂದೇ ಮಾತು ಆಡಿದರು: "ಅಳಿಯಾ, ರುಕ್ಮಿಣಿ ಲಗ್ನ ಈ ವೈಶಾಖದಾಗ ಮಾಡಿಬಿಡೂಣು ಅಂತ ಇದ್ದೆ." ಇದ್ದೆ ಎಂದರು, ಇದ್ದೇನೆ ಎನ್ನಲಿಲ್ಲ. ನಕಲು ಗುಮಾಸ್ತನಿಗೆ ಕ್ರಿಯಾಪದದ ಕಾಲ ಚೆನ್ನಾಗಿ ತಿಳಿಯುತ್ತದೆ. ರವಿವಾರ ಬೆಳಿಗ್ಗೆ ಸೈಕಲ್ ನಿಲ್ಲಿಸಿದ್ದ ದನದ ಕೊಟ್ಟಿಗೆಗೆ ಹೋಗಿ ಮುಂದಿನ ಗಾಲಿಯ ಎರಡೂ ತಿರುಪುಗಳನ್ನು ನಾನೇ ಸಡಿಲಿಸಿದೆ.

ದೊರೆಯ ಬಂಗಲೆಯ ಅಂಗಳದಲ್ಲಿ ಮಾವ ಸೈಕಲ್ಲನ್ನು ಸ್ವಲ್ಪ ಎತ್ತಿ ತಿರುಗಿಸಿದರು. ಗಾಲಿ ಕಳಚಿಕೊಂಡು, ಹುಲ್ಲಿನ ಮೇಲೆ ತಾನೊಂದೇ ಉರುಳಿ ಹೋಗಿ ಬೇಲಿಗೆ ಒರಗಿತು. ಆ ಸೈಕಲ್ಲಿನ ಮೇಲೆ ಮಾವನ ಕೈಯಲ್ಲಿ ನಡೆದ ಅತಿ ಸೊಗಸಾದ ಸವಾರಿ ಅದೇ. ದೊರೆ ಕೆಂಪಾದ. "ಇದನ್ನು ದುರಸ್ತಿ ಮಾಡಿದ ಮನುಷ್ಯನು ಯಾರು?" ಮಾವ ಬೇವಿನ ಮರದ ಕಡೆ ನೋಡಿದರು. ಅಲ್ಲಿ ದೊರೆಯ ಸೈಕಲ್ಲಿಗೆ ಗಾಳಿ ಹಾಕಲು ಬಂದಿದ್ದ ಹುಸೇನ್ ನಿಂತಿದ್ದ.

"ದೊರಿ, ನಾ ಬಿಗಿದ ತಿರುಪು ತಾನ ಬಿಚ್ಚಾಂಗಿಲ್ಲ" ಎಂದ ಹುಸೇನ್.

ದೊರೆ ನನ್ನ ಕಡೆ ತಿರುಗಿದ. "ಇವನೇ ಬಿಗಿದನೋ? ನೀನು ಕಂಡಿರುವೆಯೋ?"

"ಎಸ್ ಸರ್" ಎಂದೆ. ಹುಸೇನ್ ನನ್ನನ್ನು ನೋಡಿದ. ನಾನು ಬೇಲಿಗೆ ಒರಗಿದ್ದ ಗಾಲಿಯನ್ನು ನೋಡಿದೆ.

ಅವತ್ತಿನಿಂದ ದಂಡಿನಲ್ಲಿ ಅವನಿಗೆ ಕೆಲಸ ಇಲ್ಲವಾಯಿತು. ಒಬ್ಬ ದೊರೆಯ ಸಿಟ್ಟು ಹತ್ತು ಬಂಗಲೆಗಳ ಬಾಗಿಲು ಮುಚ್ಚಿಸುತ್ತದೆ. ಒಂದು ತಿಂಗಳಲ್ಲಿ ಅವನು ಬಾಚಿ, ಉಳಿ, ಹೆಂಡತಿ, ಮಕ್ಕಳನ್ನು ಗಾಡಿಗೆ ಹಾಕಿಕೊಂಡು ಸಿರುಗುಪ್ಪಕ್ಕೆ ಹೋದನೆಂದು ಕೇಳಿದೆ. ನನ್ನ ಲಗ್ನ ವೈಶಾಖದಲ್ಲಿ ಆಯಿತು. ಸೋದರಮಾವ ಬರಿಯ ಮಾವನಾದರು. ನಮ್ಮ ಸಂಸಾರ ಸುಖವಾಗಿಯೇ ನಡೆಯಿತು. ತೊಂದರೆ ಇರುವುದೇ ಅದರಲ್ಲಿ. ಕೆಟ್ಟಿದ್ದರೆ ಶಿಕ್ಷೆಯಾಯಿತೆಂದು ನೆಮ್ಮದಿಯಿಂದ ಇರಬಹುದಿತ್ತು.

ಮೊನ್ನೆ ಮನೆಗೆ ಬಂದು ಚೀಲ ಇಟ್ಟವನು ಅಡಿಗೆಮನೆಯ ಹೊಸ್ತಿಲಲ್ಲೇ ಕೂತು ರುಕ್ಮಿಣಿಗೆ ಇಷ್ಟನ್ನೂ ಹೇಳಿದೆ, ಮದುವೆಯಾದ ಮೇಲೆ ಮೊದಲ ಸಲ. ಅಪ್ಪನ ಸುಳ್ಳು ಕೇಳಿ ಅವಳಿಗೆ ಆಶ್ಚರ್ಯವಾಗಲಿಲ್ಲ. "ನಮ್ಮಪ್ಪಗ ಜೋಕಾಲಿ ಮ್ಯಾಲೆ ಕೂತ್ರ ತಲಿ ತಿರಗತಿತ್ತು. ಸೈಕಲ್ಲು ಹೆಂಗ ಹೊಡದಾನು?" ಎಂದಳು. ಆದರೆ ತಿರುಪಿನ ವಿಷಯ ಬಂದಾಗ ಈಳಿಗೆಯ ಮೇಲೆ ಹೆಚ್ಚುತ್ತಿದ್ದ ಅವಳ ಕೈ ನಿಂತಿತು. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿ ಮುಂದಿಟ್ಟು, "ಹೋಗಿ ಬರ್ರಿ ಸಿರುಗುಪ್ಪಕ್ಕ" ಎಂದಳು.

ಮೋಟಾರು ಬಸ್ಸಿನಲ್ಲಿ ಹೋದೆ. ಗಾಲಿ ಕಟ್ಟುವ ಹುಸೇನ್ ಸಾಬ ಎಂದರೆ ಊರಿಗೇ ಗೊತ್ತು. ಮಕ್ಕಳು ಭತ್ತದ ಗಾಡಿಗಳಿಗೆ ಗಾಲಿ ಮಾಡುತ್ತಿದ್ದರು. ಅವನು ಬಿಳಿಗಡ್ಡ ಬಿಟ್ಟು ಮಂಚದ ಮೇಲೆ ಕೂತು ತಪ್ಪು ತೋರಿಸುತ್ತಿದ್ದ.

"ಬಳ್ಳಾರಿ ವೆಂಕೋಬರಾಯರ ಅಳಿಯ ನಾನು" ಎಂದೆ.

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಎಸ್ ಸರ್ ಅಂದವರಾ?"

"ಹೌದು. ಆ ತಿರುಪು ಸಡಲಿಸಿದವನೂ ನಾನ."

"ಗೊತ್ತೈತಿ. ಬಿಚ್ಚಾಕ ಬರದವರು ಬಿಚ್ಚಿದ ಗುರ್ತು ಅದರ ಮ್ಯಾಲ ಇತ್ತು. ಇಲಿ ಕಡದಂಗ ಕಡದಿಟ್ಟಿದ್ರಿ."

"ಹಂಗಾರ ಅವತ್ತ ದೊರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ದೊರಿ ಮತ್ತ ನಿಮ್ಮನ್ನ ಕೇಳತಿದ್ದ. ನೀವು ಮತ್ತ ಅದನ್ನ ಅಂತಿದ್ರಿ."

ನಾನು ತಪ್ಪಾಯಿತೆಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಹಾಗೆ ಅಂದಾನೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ನಂಬಿಕೊಂಡು ಬಂದಿದ್ದೆ. "ಸೈಕಲ್ ಮ್ಯಾಲ ಬಂದಿದ್ರ ಬಳ್ಳಾರಿಯಿಂದ ಇಲ್ಲಿಗೆ ಐದು ತಾಸಿನ ದಾರಿ, ರಾಯರ. ನೀವು ಭಾಳ ಸಾವಕಾಶ ಬಂದ್ರಿ" ಎಂದ. ಮಕ್ಕಳ ಬಾಚಿಯ ಸದ್ದು ನಿಂತಿತ್ತು. "ಇನ್ನ ನನಗ ಹೇಳಿ ಏನು ಮಾಡತೀರಿ? ನನಗ ಗೊತ್ತಿದ್ದದ್ದ. ಗೊತ್ತಿಲ್ಲದವರಿಗೆ ಹೇಳ್ರಿ. ನಾನು ಬಿಗಿದ ಗಾಲಿ ಕಳಚಿ ಬಿತ್ತು ಅಂತ ತಿಳಕೊಂಡ ಸತ್ತವರು ಅದಾರ. ಉಳದವರಿಗರ ಹೇಳ್ರಿ."

ನಾನು ಅಲ್ಲೇ ಎದ್ದು ನಿಂತು, ಅವನ ಮಕ್ಕಳಿಗೂ ಗಾಡಿ ತಂದಿದ್ದ ನಾಲ್ವರು ರೈತರಿಗೂ ಹೇಳಿದೆ. ಮಾವ ತಿಪ್ಪೆಯಲ್ಲಿ ಬಿದ್ದಲ್ಲಿ ಅವರು ನಕ್ಕರು. ಬೇವಿನ ಮರದ ಕೆಳಗೆ ಬಂದಾಗ ಯಾರೂ ನಗಲಿಲ್ಲ. ಹುಸೇನ್ ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ, "ಕುರುಗೋಡು ದಾಟಿದ ಮ್ಯಾಲ ಒಂದು ಇಳಿಜಾರು ಇತ್ತು. ಒಂದು ಗಾಡಿ ಇಲ್ಲ, ಒಂದು ನರಪಿಳ್ಳಿ ಇಲ್ಲ. ಎರಡೂ ಕೈ ಬಿಟ್ಟು ಹೊಡದೆ. ಅದನ್ನ ನೀವು ನೋಡಲಿಲ್ಲ, ಹಿಂದ ಉಳದಿದ್ರಿ. ಅದನ್ನೂ ಸೇರಿಸಿ ಹೇಳ್ರಿ" ಎಂದ. ಆಮೇಲೆ ಸೊಸೆಯನ್ನು ಕೂಗಿ ಚಹಾ ತರಿಸಿದ. ಮಡಿಮನೆಯಲ್ಲಿ ಹುಟ್ಟಿದ ನಾನು ಅಲ್ಲಿ ಕೂತು ಕುಡಿದೆ.

ಊರಿಗೆ ಬಂದು ಎರಡು ದಿನ ಕೂತು ಇದನ್ನು ಬರೆದೆ. ಈ ಸಲ ನಕಲಲ್ಲ. ರುಕ್ಮಿಣಿಗೆ ಓದಿ ಹೇಳಿದೆ. ಅಪ್ಪನ ಹೆಸರು ತೆಗೆಯಲೇ ಎಂದು ಕೇಳಿದ್ದಕ್ಕೆ, ಬೇಡ ಎಂದು ತಲೆಯಾಡಿಸಿದಳು.

"ಹುಸೇನ್ ಸಾಬಗ ಇದನ್ನ ಯಾರು ಓದಿ ಹೇಳತಾರ?" ಎಂದಳು.

"ನಾನ ಹೋಗಿ ಓದತೀನಿ."

"ನೀವೊಬ್ಬರ ಹೋಗೋದು ಬ್ಯಾಡ" ಎಂದಳು ವೆಂಕೋಬರಾಯರ ಮಗಳು. "ಶನಿವಾರ ಹೋಗೂಣು. ನಾನೂ ಬರತೀನಿ."