ಕಂಪ್ಯೂಟರಿನಲ್ಲಿ ಕಾಲು ತಿದ್ದುವ ಜಾಲರಿ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಕೃತಕ ಕಾಲು ತಯಾರಿಸುವ ಕಾರ್ಖಾನೆಯ ಮೇಲ್ಮಹಡಿಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಅದರ ಮುಂದೆ ಶಾಲು ಹೊದ್ದು ಕೂತ ಹೆಂಗಸು ಮೌಸ್ ಹಿಡಿದು ಏನನ್ನೋ ಮೆಲ್ಲಗೆ ಎಳೆಯುತ್ತಿದ್ದಾರೆ. ಪರದೆಯ ಮೇಲಿರುವುದು ಪಾದವನ್ನು ಕಾಲಿಗೆ ಜೋಡಿಸುವ ಲೋಹದ ತುಂಡಿನ ಚಿತ್ರ. ಅದರ ಮೈತುಂಬ ಸಣ್ಣ ಸಣ್ಣ ತ್ರಿಕೋನಗಳ ಬಲೆ.

“ಈ ಸಾಫ್ಟ್‌ವೇರ್ ಇರೋದು ಇದೊಂದೇ ಕಂಪ್ಯೂಟರಲ್ಲಿ. ಎಲ್ಲರೂ ಬಂದ್ಮೇಲೆ ನನ್ನ ಕೈಗೆಲ್ಲಿ ಸಿಗುತ್ತೆ?” ಎಂದು ನಗುತ್ತಾರೆ. “ಮಗಳನ್ನ ಎಬ್ಬಿಸಿ ಶಾಲೆಗೆ ಕಳಿಸೋದು ನಮ್ಮತ್ತೆ. ಅವರಿಲ್ಲದಿದ್ರೆ ನನ್ನ ಆಟ ನಡೀತಿರಲಿಲ್ಲ.”

ಕಾರ್ಖಾನೆಯಲ್ಲಿ ಎಲ್ಲರಿಗೂ ಇವರು ಜಾಲರಿ ಅಕ್ಕ. ತುಂಡು ಎಲ್ಲಿ ಮುರಿಯಬಹುದು ಎಂದು ಕಂಪ್ಯೂಟರ್ ಲೆಕ್ಕ ಹಾಕಬೇಕಾದರೆ ಮೊದಲು ಅದರ ಮೇಲೆ ಇಂಥ ಜಾಲರಿ ಹೆಣೆಯಬೇಕು. ಹಿಂದೆಲ್ಲ ಆಕಾರ ಕೂದಲೆಳೆಯಷ್ಟು ಬದಲಾದರೂ ಹಳೆಯ ಜಾಲರಿ ಕಿತ್ತೆಸೆದು ಹೊಸದನ್ನು ಹೆಣೆಯಬೇಕಿತ್ತು. ಈಗ ಮೆಶ್ ಮಾರ್ಫಿಂಗ್ ಎಂಬ ವಿಧಾನ ಬಂದಿದೆ. ಜಾಲರಿ ಹರಿಯದೆ, ಆಕಾರದ ಜೊತೆಗೇ ಅದೂ ಜಗ್ಗುತ್ತದೆ, ಕುಗ್ಗುತ್ತದೆ.

“ಸ್ವೆಟರ್ ಭುಜದ ಹತ್ರ ಬಿಗಿ ಆಯ್ತು ಅಂತ ಪೂರ್ತಿ ಬಿಚ್ಚಿ ಮತ್ತೆ ಹೆಣೀತೀವಾ? ಎಳೆದು ಸರಿಮಾಡ್ಕೋತೀವಿ. ಇದೂ ಹಾಗೇನೇ” ಎನ್ನುತ್ತಾರೆ ಅಕ್ಕ.

ಓದು ಡಿಪ್ಲೊಮಾದ ಎರಡನೇ ವರ್ಷಕ್ಕೇ ನಿಂತಿತು. ತಂದೆಗೆ ಪಾರ್ಶ್ವವಾಯು ಹೊಡೆದಾಗ ಹಿರಿಮಗಳ ಹೆಗಲಿಗೆ ಮನೆ ಬಿತ್ತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದರು. ಆಮೇಲೆ ಇಲ್ಲಿಗೆ ನಕ್ಷೆಗಳ ನಕಲು ತೆಗೆಯಲು ಬಂದವರು, ಅವರಿವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಜಾಲರಿ ಕಲಿತರು. ಈಗ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಕೂರಬೇಕು. ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ.

ಎರಡು ವರ್ಷದ ಹಿಂದೆ, ಇಲ್ಲಿಯ ಕೃತಕ ಕಾಲು ಹಾಕಿಕೊಂಡಿದ್ದ ಒಬ್ಬ ಅಂಚೆಯವರು ಬಟವಾಡೆ ಮುಗಿಸಿ ಮೆಟ್ಟಿಲಿಳಿಯುವಾಗ ಇಂಥದೇ ತುಂಡು ಬಿರುಕು ಬಿಟ್ಟು ಮುಗ್ಗರಿಸಿ ಬಿದ್ದರು. ಭುಜದ ಮೂಳೆ ಮುರಿಯಿತು. ಕೈಗೆ ಕಟ್ಟು ಹಾಕಿಸಿಕೊಂಡೇ ಕಾರ್ಖಾನೆಗೆ ಬಂದರು. ಜಗಳವಾಡಲಿಲ್ಲ. “ಕಾಲೇ ಕೈಕೊಡ್ತು ಕಣಮ್ಮ” ಎಂದಷ್ಟೇ ಹೇಳಿ, ಮುರಿದ ತುಂಡನ್ನು ಅಕ್ಕನ ಮೇಜಿನ ಮೇಲಿಟ್ಟರು.

“ಬೈದಿದ್ರೆ ಒಳ್ಳೇದಿತ್ತು” ಎನ್ನುತ್ತಾರೆ ಅಕ್ಕ.

ಮಾಲೀಕರು ತುಂಡನ್ನು ದಪ್ಪ ಮಾಡಿಸಿದರು. ಮುರಿಯುವ ಭಯ ಹೋಯಿತು, ಭಾರ ಬಂತು. ಹಾಕಿಕೊಂಡವರ ತೊಡೆ ನೋಯತೊಡಗಿ, ಕೆಲವರು ಕಾಲನ್ನು ಮೂಲೆಗಿಟ್ಟು ಊರುಗೋಲು ಹಿಡಿದರು. ಆಗ ವಿನ್ಯಾಸದ ಎಂಜಿನಿಯರ್ ಅಕ್ಕನ ಹತ್ತಿರ ಬಂದು ಕೂತರು. ದಪ್ಪ ಹೆಚ್ಚಿಸುವುದು ಬೇಡ, ಲೋಹ ಎಲ್ಲಿ ಬೇಕೋ ಅಲ್ಲಿ ಮಾತ್ರ ಇರುವಂಥ ಆಕಾರ ಹುಡುಕೋಣ ಎಂದರು. ಅಕ್ಕ ಜಾಲರಿಯನ್ನು ಎಳೆಯುವುದು, ಕಂಪ್ಯೂಟರ್ ಬಲ ಲೆಕ್ಕ ಹಾಕುವುದು, ಎಂಜಿನಿಯರ್ ಮುಂದಿನ ದಾರಿ ಹೇಳುವುದು. ನೂರಾರು ಆಕಾರಗಳು ಹೀಗೆ ಬಂದು ಹೋದವು.

ಕೊನೆಗೊಂದು ಚೆಲುವಾದ, ಹಗುರವಾದ ಆಕಾರ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾದರಿ ತುಂಡನ್ನು, ಹೆಜ್ಜೆಯ ಹಾಗೆ ಮತ್ತೆ ಮತ್ತೆ ತುಳಿಯುವ ಪರೀಕ್ಷಾ ಯಂತ್ರಕ್ಕೆ ಹಾಕಿದರೆ ಮಧ್ಯಾಹ್ನದೊಳಗೇ ಟಪ್ಪೆಂದು ಮುರಿಯಿತು.

“ತಪ್ಪು ನಂದೇ. ಒಳಮೂಲೇಲಿ ಜಾಲರಿನ ಅತಿಯಾಗಿ ಎಳೆದುಬಿಟ್ಟಿದ್ದೆ. ತ್ರಿಕೋನಗಳು ಸೊಟ್ಟಗಾಗಿ ಸೂಜಿ ಥರ ಆಗಿದ್ವು. ಅಂಥ ಕಡೆ ಕಂಪ್ಯೂಟರ್ ಹೇಳೋ ಲೆಕ್ಕ ನಂಬೋ ಹಾಗಿಲ್ಲ. ತುಂಡು ಭಾರ ತಡೆಯುತ್ತೆ ಅಂತ ಪರದೆ ತೋರಿಸಿದ ಬಣ್ಣ ನೋಡಿ ಮರುಳಾದೆ” ಎನ್ನುವಾಗ ಅವರ ದನಿ ಇಳಿಯುತ್ತದೆ. ಎಂಜಿನಿಯರ್, “ನಾನೂ ನೋಡಿದ್ದೆ ಅಲ್ವಾ ಅಕ್ಕಾ? ಇಬ್ಬರ ಕಣ್ಣೂ ಕುರುಡಾಗಿತ್ತು ಬಿಡಿ” ಎಂದರಂತೆ. ಆ ಮೂಲೆಯ ಜಾಲರಿಯನ್ನಷ್ಟೇ ಹೊಸದಾಗಿ ಹೆಣೆದು, ಎಳೆತಕ್ಕೊಂದು ಮಿತಿ ಹಾಕಿ, ಇಬ್ಬರೂ ಮತ್ತೆ ಶುರುಮಾಡಿದರು.

ಎರಡನೆಯದೂ ಮುರಿದ ಮೇಲೆ, ಮೂರನೆಯ ಮಾದರಿ ಯಂತ್ರದಲ್ಲಿ ವಾರಗಟ್ಟಲೆ ತುಳಿತ ತಿಂದು ಜಗ್ಗದೆ ಕೂತಿತು. ಅಂಚೆಯವರ ಮುರಿದ ಹಳೆಯ ತುಂಡಿಗಿಂತಲೂ ಹಗುರ. ಮೊದಲ ಜೋಡಣೆಗೆ ಕರೆದದ್ದು ಆ ಅಂಚೆಯವರನ್ನೇ. ಕಾರ್ಖಾನೆಯ ಮೆಟ್ಟಿಲ ನೆತ್ತಿಯಲ್ಲಿ ಅವರು ಕಂಬಿ ಹಿಡಿದು ಬಹಳ ಹೊತ್ತು ನಿಂತರು. ಕೆಳಗೆ ನಿಂತಿದ್ದ ಅಕ್ಕ ಆ ಪಾದದ ಮೇಲೇ ಕಣ್ಣಿಟ್ಟಿದ್ದರು. ಮೊದಲ ಮೆಟ್ಟಿಲು, ಎರಡನೆಯದು. ಅರ್ಧಕ್ಕೆ ಬಂದ ಮೇಲೆ ಕಂಬಿಯ ಮೇಲಿನ ಕೈ ತಾನಾಗಿ ಸಡಿಲವಾಯಿತು. ಕೆಳಗಿಳಿದವರೇ, “ಇದೇನಮ್ಮ, ಕಾಲು ಹಾಕ್ಕೊಂಡಿದೀನಿ ಅನ್ನೋದೇ ಮರೆತುಹೋಗುತ್ತಲ್ಲ!” ಎಂದರು.

ವಿನ್ಯಾಸದ ಕಾಗದಗಳಲ್ಲಿ ಅಕ್ಕನ ಹೆಸರಿಲ್ಲ. ಅದರ ಬಗ್ಗೆ ಕೇಳಿದರೆ, “ಕಾಲು ಹಾಕ್ಕೊಂಡವರು ಹೆಸರು ಓದ್ಕೊಂಡು ನಡೀತಾರಾ?” ಎಂದು ಮಾತು ತೇಲಿಸುತ್ತಾರೆ.

ಈಗ ಪರದೆಯ ಮೇಲಿರುವ ತುಂಡು ಮಾತ್ರ ತೀರ ಪುಟ್ಟದು. ಆರು ವರ್ಷದ ಹುಡುಗಿಯದಂತೆ. ಮಕ್ಕಳು ಬೆಳೆದ ಹಾಗೆಲ್ಲ ಕಾಲು ಬದಲಾಗಬೇಕು. ಪ್ರತಿಸಲ ಮೊದಲಿನಿಂದ ವಿನ್ಯಾಸ ಮಾಡುತ್ತ ಕೂತರೆ ತಿಂಗಳುಗಳು ಹಿಡಿಯುತ್ತವೆ, ಅಷ್ಟು ದಿನ ಮಗು ಗಿಡ್ಡ ಕಾಲಿನಲ್ಲೇ ಕುಂಟಬೇಕು.

“ಇದೇ ಜಾಲರಿನ ಅವಳ ಜೊತೆಗೇ ಬೆಳೆಸ್ತಾ ಹೋದ್ರೆ, ಹೊಸ ಕಾಲು ಬೇಗ ಸಿಗುತ್ತೆ” ಎನ್ನುತ್ತಾರೆ ಅಕ್ಕ, ಮೌಸಿನಿಂದ ಒಂದು ಬಿಂದುವನ್ನು ಎಳೆಯುತ್ತ. “ನನಗಿರೋ ಆಸೆ ಅಷ್ಟೇ. ಅವಳು ಎತ್ತರ ಆದಾಗೆಲ್ಲ ಕಾಲಿಗೋಸ್ಕರ ಅವಳನ್ನ ನಾವು ಕಾಯಿಸಬಾರದು.”