ಕೆಂಪು ಸುತ್ತು, ಇದ್ದಿಲ ಗೆರೆ

ಅಪ್ಪನ ಕೆಂಪು ಪೆನ್ಸಿಲನ್ನು ಮುಟ್ಟುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಅವನು ಕಾಟಾದ ಕಾರಕೂನ, ಅಂದರೆ ಕಬ್ಬಿನ ಗಾಡಿಗಳ ತೂಕ ಬರೆಯುವವನು. ಆ ಪೆನ್ಸಿಲ್ ಅವನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅಕ್ಕನಿಗೆ ಫಿಟ್ಸ್ ಬಂದ ದಿನ ಅವನು ಮನೆಗೆ ಬಂದವನೇ ಚಪ್ಪಲಿ ಬಿಟ್ಟು ನೇರ ಪಡಸಾಲೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಆ ತಾರೀಖಿಗೊಂದು ಕೆಂಪು ಸುತ್ತು ಎಳೆಯುತ್ತಿದ್ದ. ಆಮೇಲೆ ಕೈಕಾಲು ತೊಳೆಯುತ್ತಿದ್ದ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಎಂಬತ್ತರ ದಶಕದ ನಡುವೆ, ಅವಳಿಗೆ ಹದಿನಾರಿದ್ದಾಗ, ನಲ್ಲಿಯ ಪಾಳಿಯಲ್ಲಿ ಕೊಡ ಹಿಡಿದು ನಿಂತವಳು ನಿಂತಲ್ಲೇ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಒಬ್ಬಳು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದಳು, ಒಬ್ಬಳು ಚಪ್ಪಲಿ ಹಿಡಿದಳು, ಇನ್ನೊಬ್ಬಳು ಅಂಗೈಗೆ ಕೀಲಿಕೈ ತುರುಕಿದಳು. ನಾನು ಏನು ಮಾಡಿದೆ? ಉರುಳಿ ಹೋಗುತ್ತಿದ್ದ ಕೊಡವನ್ನು ಓಡಿ ಹೋಗಿ ಹಿಡಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಅವತ್ತು ಅಮಾವಾಸ್ಯೆ. ಓಣಿಗೆ ಅಷ್ಟು ಸಾಕಾಯಿತು. ಮುಂದಿನ ಎರಡು ಸಲವೂ ಅಮಾವಾಸ್ಯೆಯ ಹಿಂದುಮುಂದೇ ಬಂದಾಗ ತಾಯತ ಕಟ್ಟಿದರು, ನಿಂಬೆಹಣ್ಣು ಇಳಿಸಿ ಒಗೆದರು. ಆಮೇಲೆ ಅದು ಸರಿಯುತ್ತ ಸರಿಯುತ್ತ ಹುಣ್ಣಿಮೆಗೆ ಹೋಯಿತು. ಹುಣ್ಣಿಮೆಯೂ ಕೆಟ್ಟದ್ದೇ ಅಂದರು. ಅಷ್ಟಮಿಗೆ ಬಂದಾಗ ಅಷ್ಟಮಿಗೂ ಒಂದು ದೋಷ ಹುಡುಕಿದರು. ಹೇಳುವವರ ಬಾಯಿಗೆ ತಿಥಿಗಳೇನು ಕಡಿಮೆಯೇ?

ಅಪ್ಪ ಮಾತ್ರ ಅಕ್ಕನನ್ನು ರೈಲು ಹತ್ತಿಸಿ ಮಿರಜಕ್ಕೆ ಕರೆದುಕೊಂಡು ಹೋದ. ಅಲ್ಲಿಯ ದೊಡ್ಡ ಡಾಕ್ಟರು ಗುಳಿಗೆ ಬರೆದುಕೊಟ್ಟು, ಬಂದ ದಿನವೆಲ್ಲ ಗುರುತು ಹಾಕಿಡಿ ಎಂದು ಮರಾಠಿಯಲ್ಲಿ ಹೇಳಿದರು. ಅಪ್ಪನಿಗೆ ಅದೊಂದು ಆಸರೆಯಾಯಿತು. ಮಗಳು ನೆಲಕ್ಕೆ ಬಿದ್ದು ಒದ್ದಾಡುವಾಗ ಅವನ ಕೈಲಿ ಏನೂ ಆಗುತ್ತಿರಲಿಲ್ಲ, ಬರೆಯುವುದು ಆಗುತ್ತಿತ್ತು.

ಅದೇ ಮನೆಯಲ್ಲಿ ಇನ್ನೊಂದು ಗುರುತೂ ಇತ್ತು. ಅವ್ವನಿಗೆ ಓದು ಬರಹ ಬಾರದು. ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯಲ್ಲಿ, ಅಕ್ಕ ಮುಟ್ಟಾಗಿ ಕಡೆಗೆ ಕೂತ ದಿನ ಇದ್ದಿಲಿನಿಂದ ಒಂದು ಉದ್ದ ಗೆರೆ ಎಳೆಯುತ್ತಿದ್ದಳು. ಆಮೇಲೆ ದಿನಕ್ಕೊಂದು ಚುಕ್ಕೆ. ಪಂಚಮಿಗೋ ಮನೆದೇವರ ನೈವೇದ್ಯಕ್ಕೋ ಮಗಳ ಕೈ ಸಿಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಬೇಕಲ್ಲ. ಬಾಗಿಲು ತೆರೆದರೆ ಗೆರೆಗಳು ಮರೆಯಾಗುತ್ತಿದ್ದವು. ಗಂಡಸರು ಆ ಬಾಗಿಲನ್ನು ಮುಚ್ಚಿ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜ್ವರ ಬಂದು ಶಾಲೆ ತಪ್ಪಿಸಿದ್ದೆ. ಮಾಡಲು ಬೇರೆ ಕೆಲಸವಿಲ್ಲದೆ ಅವ್ವನ ಚುಕ್ಕೆಗಳನ್ನು ಎಣಿಸಿಕೊಂಡು ಹೋಗಿ ಅಪ್ಪನ ಕ್ಯಾಲೆಂಡರಿಗೆ ಹೊಂದಿಸಿ ನೋಡಿದೆ. ಎಂಟು ತಿಂಗಳಲ್ಲಿ ಏಳು ಸಲ, ಉದ್ದ ಗೆರೆಗೆ ಎರಡು ದಿನ ಮೊದಲು ಕೆಂಪು ಸುತ್ತು. ನಡುವೆ ಒಂದು ಬಿಡಿಯಾಗಿ ಇದ್ದಿರಬಹುದು, ಅಷ್ಟೇ. ಓಣಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಯಾರಿಗೆ ಹೇಳುವುದು? ಅವ್ವನಿಗೆ ಹೇಳಿದರೆ, ಇಂಥವನ್ನೆಲ್ಲ ನೋಡಿಕೋತ ಕೂತಿದ್ದೀಯೇನು ಎಂದು ಬೈದು ಗೆರೆಗಳನ್ನೇ ಒರೆಸಿಬಿಟ್ಟಾಳು. ಅಪ್ಪನಿಗೆ? ಆಗೆಲ್ಲ ಅಪ್ಪನ ಮುಂದೆ ಆ ಶಬ್ದ ಆಡುವುದು ಹಾಗಿರಲಿ, ಅಕ್ಕ ಕಡೆಗೆ ಕೂತ ಮೂರು ದಿನ ಅವನು ಅತ್ತ ನೋಡದೆ ಹಿತ್ತಲಿಗೆ ಹೋಗುತ್ತಿದ್ದ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ಅವ್ವ ನನ್ನನ್ನು ಆಡಿಕೊಳ್ಳುತ್ತಿದ್ದಳು. ಆ ಬಾಯಿ ಬೇಕಾದಾಗ ಬಿಚ್ಚಲಿಲ್ಲ.

ಕೊನೆಗೆ ಕಳ್ಳತನದ ದಾರಿ ಹಿಡಿದೆ. ನನ್ನ ಶಾಲೆಯ ನೀಲಿ ಪೆನ್ನಿನಿಂದ, ಅಕ್ಕ ಕಡೆಗೆ ಕೂತ ತಾರೀಖುಗಳ ಕೆಳಗೆಲ್ಲ ಒಂದೊಂದು ಸಣ್ಣ ಚುಕ್ಕೆ ಇಟ್ಟೆ. ಅಪ್ಪ ಕ್ಯಾಲೆಂಡರನ್ನೇ ಸುತ್ತಿಕೊಂಡು ಮಿರಜಕ್ಕೆ ಹೋಗುತ್ತಿದ್ದ. ಡಾಕ್ಟರು ಚುಕ್ಕೆ ನೋಡಿ ಇದೇನೆಂದು ಕೇಳುತ್ತಾರೆ, ಆಗ ಹೇಗೋ ಗೊತ್ತಾಗುತ್ತದೆ ಎಂದು ನನ್ನ ಎಣಿಕೆ.

ಅಪ್ಪ ಚುಕ್ಕೆಗಳನ್ನು ನೋಡಿದ. ಬಹಳ ಹೊತ್ತು ನೋಡುತ್ತ ನಿಂತ. ಯಾರು ಗೀಚಿದ್ದೆಂದು ಕೇಳಲಿಲ್ಲ, ಬೈಯಲೂ ಇಲ್ಲ. ಭಾನುವಾರ ಒಂದು ಬಿಳಿ ಹಾಳೆ ತಂದು, ಪಟ್ಟಿ ಇಟ್ಟು ಗೆರೆ ಹೊಡೆದು, ಕೆಂಪು ಸುತ್ತಿನ ತಾರೀಖುಗಳನ್ನಷ್ಟೇ ದುಂಡಗೆ ನಕಲು ಮಾಡಿದ. ನಾನು ಎದುರಿಗೇ ಕೂತು ಅಕ್ಕಿ ಆರಿಸುತ್ತಿದ್ದೆ. ನನ್ನ ಚುಕ್ಕೆಗಳನ್ನು ಹುಡುಗಾಟಿಕೆ ಎಂದುಕೊಂಡ, ಶಾಣ್ಯಾ ಕಾರಕೂನ, ಎಂದು ಒಳಗೇ ಕುದಿದೆ.

ಆ ಸಲ ಮಿರಜಕ್ಕೆ ನಾನೂ ಹೋಗಿದ್ದೆ. ಡಾಕ್ಟರು ಹಾಳೆ ನೋಡಿ, ಇದಕ್ಕೇನಾದರೂ ಲೆಕ್ಕಾಚಾರ ಕಾಣುತ್ತದೆಯೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಏನೂ ಇಲ್ಲ ಅಂದ. ನಾನು ನೆಲದ ಫರಸಿ ನೋಡಿದೆ. ಗುಳಿಗೆ ಹೆಚ್ಚಾಯಿತು. ಅದರಿಂದ ಅಕ್ಕನ ಒಸಡುಗಳು ಉಬ್ಬಿದವು, ಹಗಲೆಲ್ಲ ತೂಕಡಿಕೆ. ನಕ್ಕರೆ ಚೆಂದ ಕಾಣುತ್ತಿದ್ದವಳು ಸೆರಗು ಅಡ್ಡ ಹಿಡಿದು ನಗತೊಡಗಿದಳು. ಫಿಟ್ಸ್ ಕಡಿಮೆಯಾದವು, ನಿಲ್ಲಲಿಲ್ಲ.

ಅಷ್ಟರಲ್ಲಿ ಅಥಣಿಯ ಕಡೆಯಿಂದ ಒಂದು ನೆಂಟಸ್ತಿಕೆ ಮಾತಿಗೆ ಬಂತು. ದ್ರಾಕ್ಷಿ ತೋಟದ ಮನೆ. ನಾಲ್ಕು ತಿಂಗಳು ಏನೂ ಆಗದೆ ದಾಟಿದರೆ ಸಾಕು, ಅವರಿಗೆ ಎಲ್ಲ ಹೇಳಿಯೇ ಮದುವೆ ಮಾಡೋಣ ಎಂದು ಅಪ್ಪ ಅನ್ನುತ್ತಿದ್ದ. ಎರಡು ತಿಂಗಳು ದಾಟಿದವು.

ಮೂರನೆಯ ತಿಂಗಳು ಅವ್ವ ಶೇಡಬಾಳಕ್ಕೆ ಬಾಣಂತಿಯನ್ನು ನೋಡಲು ಹೋಗಿದ್ದಳು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮುಂಜಾನೆ ಬಾಗಿಲು ಮುಚ್ಚಿ ಚುಕ್ಕೆ ಎಣಿಸಿದ್ದೆ. ಫಿಟ್ಸ್ ಇವತ್ತೇ ಬರಬಹುದು ಎಂದು ನನಗೆ ಗೊತ್ತಿತ್ತು. ಅಪ್ಪ ಪಡಸಾಲೆಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದ. ಅಕ್ಕ ಒಲೆಯ ಮುಂದೆ ಇದ್ದಳು. ಹೇಳಲೇ ಬೇಡವೇ ಎನ್ನುತ್ತಲೇ ಊಟದ ಡಬ್ಬಿ ಎತ್ತಿಕೊಂಡು ಪರೀಕ್ಷೆಗೆ ಓಡಿದೆ.

ಫಿಟ್ಸ್ ಬಂದದ್ದು ಅಕ್ಕ ಅಪ್ಪನ ರೊಟ್ಟಿ ಬಡಿಯಲು ಕೂತಾಗ. ಎಡಗೈ ಊರಿದ್ದು ಕಾದ ಹಂಚಿನ ಮೇಲೆ. ಅಪ್ಪ ಒಳಗೆ ಓಡಿ ಬಂದು ಎಳೆಯುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಕಿರುಬೆರಳು ಉಂಗುರದ ಬೆರಳು ಒಂದಕ್ಕೊಂದು ಅಂಟಿಕೊಂಡೇ ಮಾಗಿದವು. ಅಥಣಿಯವರು ಬಂದು ನೋಡಿ, ಚಹಾ ಕುಡಿದು, ಹೋದರು. ನನ್ನನ್ನು ಸುಡುತ್ತಿದ್ದದ್ದು ಇನ್ನೊಂದು. ಎರಡೇ ಎರಡು ದಿನ ಕಳೆದಿದ್ದರೆ ಅವಳು ಕಡೆಗೆ ಕೂತಿರುತ್ತಿದ್ದಳು, ಒಲೆಯ ಹತ್ತಿರ ಅವಳನ್ನು ಯಾರೂ ಬಿಡುತ್ತಿರಲಿಲ್ಲ. ನಾನು ಬೈದುಕೊಳ್ಳುತ್ತಿದ್ದ ಆ ಮಡಿಯೇ ಅವಳ ಕೈ ಉಳಿಸುತ್ತಿತ್ತು.

ತೊಂಬತ್ತರ ಮೊದಲ ವರ್ಷಗಳಲ್ಲಿ, ಹೊಟ್ಟೆನೋವೆಂದು ಅಕ್ಕನನ್ನು ಚಿಕ್ಕೋಡಿಯ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಅಪ್ಪ ಪರದೆಯ ಆಚೆ ನಿಂತ. ಡಾಕ್ಟರಮ್ಮ ಮೊದಲು ಕೇಳಿದ್ದೇ ಮುಟ್ಟಿನ ತಾರೀಖು. ಗುಳಿಗೆಯ ಚೀಟಿ ನೋಡಿ, ಫಿಟ್ಸಿಗೂ ಮುಟ್ಟಿಗೂ ಏನಾದರೂ ಸಂಬಂಧ ಕಂಡಿದ್ದೀರಾ ಎಂದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಪರದೆಯ ಆಚೆಯಿಂದ ಮಾತು ಬಂತು.

"ಎರಡ ದಿನಾ ಮೊದಲ ಬರ್ತಾವರಿ. ಹೆಚ್ಚೂಕಡಿಮಿ ಎಲ್ಲಾ ಸಲಾನೂ ಎರಡ ದಿನಾ ಮೊದಲ."

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೆಲವು ಹೆಂಗಸರಿಗೆ ಹೀಗಾಗುತ್ತದೆ, ಮುಟ್ಟಿನ ಮುಂಚೆ ಮೈಯೊಳಗಿನ ರಸಗಳು ಏರಿಳಿಯುತ್ತವೆ, ಫಿಟ್ಸ್ ಇದ್ದವರಿಗೆ ಅದು ಕಿಡಿ ಹಚ್ಚಿದಂತೆ. ದೇವರೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಮುಟ್ಟಿಗೆ ಮುಂಚಿನ ನಾಲ್ಕು ದಿನಗಳಿಗೆಂದು ಗುಳಿಗೆಯಲ್ಲಿ ಏನಾದರೂ ಬದಲು ಮಾಡಬಹುದೇ ಎಂದು ಮಿರಜದ ಡಾಕ್ಟರಿಗೆ ಚೀಟಿ ಬರೆದರು. ನಿಂತೇ ಹೋಗುತ್ತದೆ ಎಂದು ಮಾತು ಕೊಡಲಿಲ್ಲ. ಮುಂದೆ ಫಿಟ್ಸ್ ಕೆಲವು ತಿಂಗಳು ಗುಳಿಗೆಯ ಮಾತು ಕೇಳಿದವು, ಕೆಲವು ತಿಂಗಳು ಕೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಅಪ್ಪನ ಮೇಲೆ ಹರಿಹಾಯ್ದೆ. ನನ್ನ ಚುಕ್ಕೆಗಳಿಂದಲೇ ಅವನಿಗೆ ಗೊತ್ತಾಗಿತ್ತಂತೆ. ಡಾಕ್ಟರು ಗಂಡಸು, ಕೇಳುವವನು ತಂದೆ, ಮಗಳು ಪಕ್ಕದಲ್ಲಿ; ನಾಲಿಗೆ ಏಳಲಿಲ್ಲ ಎಂದ. ಆಮೇಲೆ ಮೆಲ್ಲಗೆ ಕೇಳಿದ.

"ನೀ ಯಾಕ ಹೇಳಲಿಲ್ಲ ಮಗಳ?"

ಅಕ್ಕ ನಮ್ಮಿಬ್ಬರ ನಡುವೆ ಕೂತು, ಅಂಟಿದ ಬೆರಳುಗಳಲ್ಲೇ ಶೇಂಗಾ ಸುಲಿಯುತ್ತಿದ್ದಳು.

"ಮೈ ಯಾರ್ದು? ನಂದು," ಎಂದಳು. "ನಿಮಗಿಂತ ಮೊದಲ ನನಗ ಗೊತ್ತಿತ್ತು. ಡಾಕ್ಟರ್ ಅಪ್ಪನ್ನ ಕೇಳತಿದ್ರು, ಅಪ್ಪ ಹಾಳಿ ತೋರಸತಿದ್ದ. ನನ್ನ ಯಾರ ಕೇಳಿದ್ರಿ?"

ಅವಳು ಸುಲಿದ ಶೇಂಗಾ ಅರ್ಧ ಅಪ್ಪನ ಅಂಗೈಗೆ, ಅರ್ಧ ನನ್ನ ಅಂಗೈಗೆ ಹಾಕಿದಳು.

"ಕೈ ಸುಟ್ಟ ದಿನಾನೂ ಗೊತ್ತಿತ್ತು. ಆದ್ರ ರೊಟ್ಟಿ ಯಾರ ಬಡೀತಿದ್ರು?"

ಅವತ್ತು ಪರೀಕ್ಷೆ ಮುಗಿಸಿ ಗಿಡದ ಕೆಳಗೆ ಕೂತು ನಾನು ಡಬ್ಬಿ ತೆರೆದಿದ್ದೆ. ಅದರಲ್ಲಿ ಅವಳು ಬಡಿದ ಎರಡು ರೊಟ್ಟಿ ಇದ್ದವು. ಎರಡನ್ನೂ ತಿಂದಿದ್ದೆ.