ರೇಡಿಯೊ ಕರಕರ ಅಂದಾಗ

ಸಾರಕ್ಕಿಯ ದಿನಸಿ ಅಂಗಡಿ ಚಿಕ್ಕವೀರಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ. ಮಳೆಗಾಲದಲ್ಲಿ ಮಾತ್ರ ಹಳೆಯ ರೇಡಿಯೊಗೆ ಕಿವಿಗೊಟ್ಟು ಸುಮ್ಮನೆ ಕೂರುತ್ತಾನೆ. ದೂರದಲ್ಲೆಲ್ಲೋ ಮಿಂಚಿದರೆ ಗುಡುಗು ಕೇಳುವ ಮೊದಲೇ ಅದು ಕರಕರ ಎನ್ನುತ್ತದೆ. ಕರಕರ ಏರಿದಷ್ಟೂ ಮಿಂಚು ಹತ್ತಿರ ಬಂತೆಂದು ಅವನ ಲೆಕ್ಕ. ಹೆಂಡತಿ ಸಿದ್ಧಗಂಗಮ್ಮನಿಗೆ ಗುಡುಗೆಂದರೆ ಪ್ರಾಣಭಯ. ಅದು ಅವಳ ಕಿವಿಗೆ ಬೀಳದಿರಲೆಂದು ಇವನು ಷಟರ್ ಎಳೆದು, ಮನೆಗೆ ಓಡಿ, ಬೇಕಂತಲೇ ಜಗಳ ತೆಗೆಯುತ್ತಾನೆ.

ಮೊನ್ನೆ ಸಂಜೆಯೂ ಹಾಗೇ ಆಯಿತು.

"ಏನೇ ಇದು, ಸಾರಿಗೆ ಉಪ್ಪೇ ಇಲ್ಲ!"

"ಸಾರು ಇನ್ನೂ ಒಲೆ ಮೇಲೇ ಇಟ್ಟಿಲ್ಲ ಕಣ್ರೀ."

ಗುಡುಗಿತು. ಅವನು ಇನ್ನೂ ಜೋರಾಗಿ ಕೂಗಿದ. ಸಿದ್ಧಗಂಗಮ್ಮ ಅವನ ತೋಳು ಹಿಡಿದು ನಕ್ಕಳು.

"ಸಾರಿಗೆ ಬೈದಿದ್ದಾಯ್ತು. ಈಗ ಪಲ್ಯಕ್ಕೆ ಬೈಯಿರಿ, ಇನ್ನೊಂದು ಗುಡುಗು ಬರೋ ಹಾಗಿದೆ."